ನೀಲಿಯ ವಂಶಾವಳಿ

ಕಲಘಟಗಿ ತಾಲೂಕಿನ ಬಮ್ಮಿಗಟ್ಟಿಯಲ್ಲಿ, ನಮ್ಮ ಮನೆಯ ನಡುಮನೆಯ ಮೂಲೆಯಲ್ಲಿರುವ ತಗಡಿನ ಹಳೆಯ ಟ್ರಂಕಿನ ತಳದಲ್ಲಿ, ಬೇವಿನ ಒಣಗಿದ ಎಲೆಗಳ ನಡುವೆ ಮಡಿಸಿಟ್ಟ ಚಂದ್ರಕಾಳಿ ಸೀರೆಯೊಂದಿದೆ. ಅದು ನನ್ನ ಆಯಿಯದು. ಕಪ್ಪೆಂದರೆ ತಪ್ಪಾಗುವ, ನೀಲಿಯೆಂದರೆ ಸಾಲದಾಗುವ ಅದರ ಬಣ್ಣವು ಬೆಳಕಿಂಡಿಯ ಬಿಸಿಲಿಗೆ ಹಿಡಿದಾಗ ಮಾತ್ರ ತನ್ನ ನಿಜವನ್ನು ಹೇಳುತ್ತದೆ: ಮಡಿಕೆಯ ಒಳಗೆ ಆಷಾಢದ ಇರುಳಿನಷ್ಟು ಗಾಢವಾಗಿಯೂ, ಸವೆದ ಸೆರಗಿನ ಮಗ್ಗುಲಲ್ಲಿ ಅಗಸೆಯ ಹೂವಿನಷ್ಟು ತಿಳಿಯಾಗಿಯೂ ತೋರುವ ಅದು ಅಪ್ಪಟ ನೀಲಿ. “ಹೊಸಾದು ಉಟ್ಟ ದಿನಾ ಕೈ, ಸೊಂಟ ಎಲ್ಲಾ ನೀಲಿ ಆಗತಿದ್ದವಪಾ, ನಾಕು ಸಲ ಒಗದಮ್ಯಾಲೆ ಬಣ್ಣ ನೆಟ್ಟಗ ಕೂಡತಿತ್ತು” ಎಂದು ಆಯಿ ಹೇಳುತ್ತಿದ್ದಳು. ಬಾಲ್ಯದಲ್ಲಿ ಕೇಳಿ ಮರೆತಿದ್ದ ಆ ಮಾತಿನೊಳಗೆ ರಸಾಯನಶಾಸ್ತ್ರದ ಒಂದು ದೊಡ್ಡ ಸತ್ಯವು ಅಡಗಿದ್ದಿತೆಂಬುದು ನನಗೆ ತಿಳಿದುಬಂದುದು ಬಹಳ ವರ್ಷಗಳ ಮೇಲೆ. ನೀಲಿಯು ನೀರಿನಲ್ಲಿ ಕರಗುವ ಬಣ್ಣವಲ್ಲ; ನೂಲಿನ ಎಳೆಯೊಳಗೆ ಅದು ಕಣಕಣವಾಗಿ ಹುದುಗಿ ಕುಳಿತಿರುತ್ತದೆ; ಹೊರಮೈಯಲ್ಲಿ ಉಳಿದ ಕಣಗಳು ಮೊದಮೊದಲು ಉಟ್ಟವರ ಮೈಗೆ ಹತ್ತಿಕೊಂಡು ಹೋಗುತ್ತವೆ.

ಅದೇ ಮನೆಯ ಹೆಂಚಿನ ಮೇಲೆ ಈಗ ಒಂದು ಸೋಲಾರ್ ಪ್ಲೇಟು ಕುಳಿತಿದೆ. ಸೀರೆಗೂ ಪ್ಲೇಟಿಗೂ ಸಂಬಂಧವೇನೆಂದು ಯಾರಾದರೂ ಕೇಳಬಹುದು. ಆ ಪ್ಲೇಟು ಸಿಲಿಕಾನ್ ಎಂಬ ಮೂಲವಸ್ತುವಿನದು, ಮರಳನ್ನು ಉರಿಕುಲುಮೆಯಲ್ಲಿ ಬೇಯಿಸಿ ತೆಗೆದುದು. ಆದುದರಿಂದ ಅದಕ್ಕೂ ಸೀರೆಗೂ ನೇರವಾದ ನಂಟಿಲ್ಲವೆಂಬುದು ನಿಜ. ಆದರೆ ಆ ಸಿಲಿಕಾನಿನ ಕೆಲಸವನ್ನು ಮಾಡಬಲ್ಲ, ತೆಳುವಾದ ಹಾಳೆಯ ಮೇಲೆ ಶಾಯಿಯಂತೆ ಬಳಿಯಬಹುದಾದ ಇನ್ನೊಂದು ವರ್ಗದ ಪದಾರ್ಥಗಳನ್ನು ಜಗತ್ತಿನ ಪ್ರಯೋಗಶಾಲೆಗಳು ಅರ್ಧಶತಮಾನಕ್ಕೂ ಮಿಕ್ಕಿ ಅರಸುತ್ತ ಬಂದಿವೆ. ಅವುಗಳಿಗೆ ಸಾವಯವ ಅರೆವಾಹಕಗಳೆಂದು ಹೆಸರು. ಅವುಗಳ ವಂಶವನ್ನು ಹಿಡಿದು ಹಿಂದಕ್ಕೆ ನಡೆದರೆ ದಾರಿಯು ಬಣ್ಣಗಾರನ ಬಾನಿಯ ದಂಡೆಗೆ ಬಂದು ಮುಟ್ಟುತ್ತದೆ. ಈ ಚರಿತ್ರೆಯನ್ನು ಬಣ್ಣಗಾರಿಕೆಯ ಚರಿತ್ರೆಯ ಮುಂದುವರಿದ ಅಧ್ಯಾಯವೆಂದು ಓದಬೇಕೆಂಬುದು ನನ್ನ ನಂಬಿಕೆ.

ಸಾವಯವವೆಂಬ ಶಬ್ದದ ವಿಷಯವಾಗಿ ಇಲ್ಲಿಯೇ ಒಂದು ಮಾತು. ನಮ್ಮ ಭಾಗದಲ್ಲಿ ಈಗ ಆ ಶಬ್ದ ಕೇಳಿದೊಡನೆ ಸೆಗಣಿಗೊಬ್ಬರವೂ ಎರೆಹುಳುವೂ ನೆನಪಾಗುತ್ತವೆ. ರಸಾಯನಜ್ಞರ ಭಾಷೆಯಲ್ಲಿ ಅದರ ಅರ್ಥ ಬೇರೆ: ಇಂಗಾಲದ ಪರಮಾಣುಗಳು ಒಂದರ ಕೈಯನ್ನೊಂದು ಹಿಡಿದು ಸರಪಳಿಯಾಗಿಯೋ ಉಂಗುರವಾಗಿಯೋ ಕಟ್ಟಿಕೊಂಡ ಸಂಯುಕ್ತಗಳೆಲ್ಲವೂ ಸಾವಯವವೇ. ಇಂಥವು ಜೀವಿಗಳ ದೇಹದಲ್ಲಿ ಮಾತ್ರ ಹುಟ್ಟಬಲ್ಲವೆಂಬ ಹಿಂದಿನ ಕಾಲದ ನಂಬಿಕೆಯು, 1828ರಲ್ಲಿ ವೋಲರ್ ಎಂಬ ಜರ್ಮನ್ ವಿಜ್ಞಾನಿಯು ಮೂತ್ರದಲ್ಲಿರುವ ಯೂರಿಯವನ್ನು ಪ್ರಯೋಗಶಾಲೆಯಲ್ಲಿಯೇ ಮಾಡಿ ತೋರಿಸಿದಂದಿನಿಂದ ಸಡಿಲತೊಡಗಿತು. ಹೆಸರು ಮಾತ್ರ ಉಳಿದುಕೊಂಡಿತು.

ಧಾರವಾಡದ ಸೀಮೆಯು ಅರಳೆಯ ಸೀಮೆ. ನವಲಗುಂದ, ಅಣ್ಣಿಗೇರಿಗಳ ಎರೆಭೂಮಿಯಿಂದ ಹೊರಟ ಹತ್ತಿಯು ಘಟ್ಟವಿಳಿದು ಕುಮಟಾ ಬಂದರಿನಲ್ಲಿ ಹಡಗು ಹತ್ತುತ್ತಿದ್ದುದರಿಂದ ಅದಕ್ಕೆ ಕುಮಟಾ ಹತ್ತಿಯೆಂದೇ ಪೇಟೆಯಲ್ಲಿ ಹೆಸರಾಯಿತು. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಅಲ್ಲಿಯ ಹತ್ತಿ ಬರುವುದು ನಿಂತಾಗ ಇಲ್ಲಿಯ ರೈತನು ಹಿಂದೆಂದೂ ಕಾಣದ ಬೆಲೆಯನ್ನು ಕಂಡನು. ಹತ್ತಿಯಿದ್ದಲ್ಲಿ ನೂಲು, ನೂಲಿದ್ದಲ್ಲಿ ಮಗ್ಗ, ಮಗ್ಗವಿದ್ದಲ್ಲಿ ಬಣ್ಣಗಾರ. ನವಲಗುಂದದಲ್ಲಿ ಹೆಣ್ಣುಮಕ್ಕಳು ಇಂದಿಗೂ ಮನೆಯೊಳಗಿನ ನಿಲುಮಗ್ಗದ ಮೇಲೆ ನೇಯುವ ಜಮಖಾನೆಗಳ ನೂಲಿಗೂ, ನಮ್ಮ ಸಂತೆಗಳಿಗೆ ಬರುತ್ತಿದ್ದ ಸೀರೆಗಳ ನೂಲಿಗೂ ಬಣ್ಣವು ಬೇಕಾಗಿದ್ದಿತು. ಬಣ್ಣಗಾರ, ನೀಲಗಾರ ಎಂಬ ಅಡ್ಡಹೆಸರುಗಳು ಈ ಜಿಲ್ಲೆಯಲ್ಲಿಯೂ ನೆರೆಯ ಜಿಲ್ಲೆಗಳಲ್ಲಿಯೂ ಈಗಲೂ ಮನೆಬಾಗಿಲುಗಳ ಮೇಲೆ ಕಾಣಸಿಗುತ್ತವೆ; ಅವು ಒಂದು ಕಸುಬಿನ ಶಿಲಾಶಾಸನಗಳಿದ್ದಂತೆ.

ನೀಲಗಾರನ ಕೆಲಸವನ್ನು ತುಸು ಹತ್ತಿರದಿಂದ ನೋಡೋಣ. ನೀಲಿಗಿಡದ ಎಲೆಯಲ್ಲಿ ನೀಲಿಯು ಇರುವುದಿಲ್ಲ. ಅಲ್ಲಿರುವುದು ಸಕ್ಕರೆಯೊಂದಿಗೆ ಕಟ್ಟಿಕೊಂಡ ಬಣ್ಣವಿಲ್ಲದ ಒಂದು ಸತ್ವ. ಸೊಪ್ಪನ್ನು ನೀರಿನಲ್ಲಿ ಕೊಳೆಹಾಕಿದಾಗ ಸಕ್ಕರೆಯು ಕಳಚಿಹೋಗಿ, ಆ ನೀರನ್ನು ಕೋಲಿನಿಂದಲೋ ಕೈಕಾಲುಗಳಿಂದಲೋ ಬಡಿದು ಗಾಳಿಯನ್ನು ಬೆರೆಸಿದಂತೆಲ್ಲ, ಹಳದಿ ಹಸುರಾಗಿದ್ದ ನೀರು ನೀಲಿಗೆ ತಿರುಗಿ, ಬಣ್ಣವು ರಾಡಿಯಂತೆ ತಳದಲ್ಲಿ ಇಳಿಯುತ್ತದೆ. ಅದನ್ನು ಸೋಸಿ, ಒಣಗಿಸಿ, ಬಿಲ್ಲೆಗಳಾಗಿ ಕೊಯ್ದಾಗ ಪೇಟೆಗೆ ಹೋಗುವ ನೀಲಿಯು ಸಿದ್ಧವಾಯಿತು. ಆದರೆ ನೀರಿನಲ್ಲಿ ಕರಗದ ಆ ಬಿಲ್ಲೆಯನ್ನು ನೂಲಿನೊಳಗೆ ಸೇರಿಸುವುದು ಹೇಗೆ? ಇಲ್ಲಿಯೇ ನೀಲಗಾರನ ವಿದ್ಯೆಯ ಸಾರವಿರುವುದು. ಬಾನಿಯಲ್ಲಿ ಸುಣ್ಣವನ್ನೂ ಸವಳನ್ನೂ ಹಾಕಿ, ಬೇಯಿಸಿದ ತಗಚಿಯ ಬೀಜವನ್ನೋ ಬೆಲ್ಲವನ್ನೋ ಕೂಡಿಸಿ ದಿನಗಟ್ಟಲೆ ಹುದುಗಲು ಬಿಟ್ಟಾಗ, ಆ ಹುದುಗು ನೀಲಿಯ ಆಮ್ಲಜನಕವನ್ನು ಜಲಜನಕದಿಂದ ಕಟ್ಟಿಹಾಕಿ, ಅದನ್ನು ನೀರಿನಲ್ಲಿ ಕರಗುವ ಹಳದಿಯಾದ ಇನ್ನೊಂದು ರೂಪಕ್ಕೆ ತರುತ್ತದೆ. ನೂಲಿನ ಲಡಿಯನ್ನು ಅದರಲ್ಲಿ ಅದ್ದಿ, ಹಿಂಡಿ, ಮೇಲಕ್ಕೆತ್ತಿದ ಕ್ಷಣದಲ್ಲಿ ನೂಲು ಗಿಳಿಹಸುರಾಗಿರುತ್ತದೆ; ಕಣ್ಣೆದುರಿಗೇ, ಗಾಳಿಯು ತಾಗಿದಂತೆಲ್ಲ, ಅಂಚಿನಿಂದ ನಡುವಿನ ಕಡೆಗೆ ಹಸುರು ಅಳಿದು ನೀಲಿಯು ಮೂಡುತ್ತ ಬರುತ್ತದೆ. ಕರಗಿದ್ದುದು ಎಳೆಯೊಳಗೆ ಹೊಕ್ಕು ಅಲ್ಲಿಯೇ ಮತ್ತೆ ಕರಗದುದಾಗಿ ಗಟ್ಟಿಯಾಯಿತು. ಹತ್ತಾರು ಬಾರಿ ಹೀಗೆ ಅದ್ದಿ ಆರಿಸಿದ ಮೇಲೆ ಚಂದ್ರಕಾಳಿಯ ಆ ಕರಿನೀಲಿಯು ಬರುವುದು. ಬಾನಿಯ ವಾಸನೆಯಿಂದ, ಮೇಲಿನ ನೊರೆಯ ತಾಮ್ರದ ಹೊಳಪಿನಿಂದ, ನಾಲಗೆಯ ತುದಿಗೆ ಹತ್ತಿಸಿಕೊಂಡ ರುಚಿಯಿಂದ ಅದರ ಹದವನ್ನು ಅರಿಯುತ್ತಿದ್ದ ಆ ಜನರನ್ನು ಅಶಿಕ್ಷಿತರೆಂದು ಕರೆಯುವ ಧೈರ್ಯ ನನಗಿಲ್ಲ. ಈ ಅದ್ದುವ ಉಪಾಯವನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಮುಂದೆ ಅದು ಮತ್ತೊಮ್ಮೆ ಬರಲಿದೆ.

ನೀಲಿಯು ಊರು ಬಿಟ್ಟು ಹೋದ ಕಥೆಯನ್ನು ಅದರ ಹೆಸರೇ ಹೇಳುತ್ತದೆ. ಸಂಸ್ಕೃತದ ನೀಲವು ಪಾರಸಿಯಲ್ಲಿ ನೀಲ್ ಆಗಿ, ಅರಬ್ಬಿಯಲ್ಲಿ ಅನ್ನೀಲ್ ಎನಿಸಿ, ಪೋರ್ತುಗೀಜರ ಬಾಯಲ್ಲಿ ಅನಿಲ್ ಆಯಿತು. 1840ರ ಸುಮಾರಿಗೆ ಫ್ರಿಟ್ಸ್ಚೆ ಎಂಬ ರಸಾಯನಜ್ಞನು ನೀಲಿಯನ್ನು ತೀಕ್ಷ್ಣಕ್ಷಾರದೊಡನೆ ಕಾಯಿಸಿ ಭಟ್ಟಿಯಿಳಿಸಿದಾಗ ದೊರೆತ ಎಣ್ಣೆಗೆ ಅದೇ ಶಬ್ದದಿಂದ ಅನಿಲೀನ್ ಎಂದು ಹೆಸರಿಟ್ಟನು. 1856ರಲ್ಲಿ ಲಂಡನ್ನಿನ ಹದಿನೆಂಟು ವರುಷದ ತರುಣ ಪರ್ಕಿನನು ಆ ಅನಿಲೀನಿನಿಂದ ಕ್ವಿನೀನನ್ನು ಮಾಡಹೋಗಿ ನೇರಳೆಬಣ್ಣವನ್ನು ಪಡೆದನು; ಅಲ್ಲಿಂದ ಕೃತಕ ಬಣ್ಣಗಳ ಮಹೋದ್ಯಮವು ಹುಟ್ಟಿತು. ಅಡಾಲ್ಫ್ ಫಾನ್ ಬೇಯರನು 1880ರ ಹೊತ್ತಿಗೆ ನೀಲಿಯನ್ನೇ ಪ್ರಯೋಗಶಾಲೆಯಲ್ಲಿ ಕಟ್ಟಿ, 1883ರಲ್ಲಿ ಅದರ ಅಣುರಚನೆಯನ್ನು ಬಿಡಿಸಿಟ್ಟನು. 1905ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕವು ಸಂದಿತು. 1897ರಲ್ಲಿ ಜರ್ಮನಿಯ ಬಿ.ಎ.ಎಸ್.ಎಫ್. ಕಾರಖಾನೆಯ ನೀಲಿಯು ಪೇಟೆಗೆ ಬಂದಮೇಲೆ, ಬಂಗಾಲ ಬಿಹಾರಗಳ ನೀಲಿಯ ಹೊಲಗಳು ಇಪ್ಪತ್ತು ವರ್ಷಗಳೊಳಗಾಗಿ ಬಹುಮಟ್ಟಿಗೆ ಬರಿದಾದವು. ಅಲ್ಲಿ ರೈತರ ಮೇಲೆ ನಡೆದ ಅನ್ಯಾಯವು 1859ರ ದಂಗೆಗೂ, 1917ರಲ್ಲಿ ಗಾಂಧೀಜಿಯವರು ಚಂಪಾರಣ್ಯಕ್ಕೆ ಬಂದುದಕ್ಕೂ ಮೂಲವೆಂಬುದು ಎಲ್ಲರಿಗೂ ತಿಳಿದುದಾಗಿದೆ. ನಮ್ಮ ಕಡೆಯ ಬಾನಿಗಳಿಗೂ ಗಿಡದ ಬಿಲ್ಲೆಯ ಬದಲಿಗೆ ಡಬ್ಬಿಯ ನೀಲಿಯು ಬಂದಿತು. ಆಯಿಯ ಸೀರೆಯ ನೀಲಿಯೂ ಡಬ್ಬಿಯದೇ. ಆದರೂ ಗಿಡದ ನೀಲಿಗೂ ಅದಕ್ಕೂ ಅಣುವಿನಲ್ಲಿ ಎಳ್ಳಷ್ಟೂ ಭೇದವಿಲ್ಲ: ಇಂಗಾಲ ಹದಿನಾರು, ಜಲಜನಕ ಹತ್ತು, ಸಾರಜನಕ ಎರಡು, ಆಮ್ಲಜನಕ ಎರಡು.

ಈ ಮೂವತ್ತು ಪರಮಾಣುಗಳ ಕಟ್ಟಡವು ಏಕೆ ನೀಲಿಯಾಗಿ ಕಾಣಬೇಕು? ಇಂಗಾಲದ ಪರಮಾಣುಗಳ ನಡುವೆ ಒಂಟಿಬಂಧ, ಜೋಡಿಬಂಧ, ಮತ್ತೆ ಒಂಟಿ, ಮತ್ತೆ ಜೋಡಿ ಎಂದು ಸರದಿಯಾಗಿ ಬಂದಲ್ಲಿ, ಜೋಡಿಬಂಧದ ಎರಡನೆಯ ಪಾಲಿನ ಇಲೆಕ್ಟ್ರಾನುಗಳು ತಮ್ಮ ಮನೆಯೊಳಗೇ ಇರದೆ ಓಣಿಯುದ್ದಕ್ಕೂ ಹರಡಿಕೊಳ್ಳುತ್ತವೆ. ಓಣಿಯು ಉದ್ದವಾದಂತೆ ಅವುಗಳನ್ನು ಮೇಲಿನ ಮೆಟ್ಟಿಲಿಗೆ ಏರಿಸಲು ಬೇಕಾಗುವ ಶಕ್ತಿಯು ಕಡಿಮೆಯಾಗುತ್ತ ಬಂದು, ಕೊನೆಗೆ ಕಣ್ಣಿಗೆ ಕಾಣುವ ಬೆಳಕಿನ ಒಂದು ಭಾಗವೇ ಆ ಕೆಲಸಕ್ಕೆ ಸಾಕಾಗುತ್ತದೆ. ನುಂಗಿದ ಬೆಳಕು ಹೋಗಿ ಉಳಿದ ಬೆಳಕು ನಮ್ಮ ಕಣ್ಣಿಗೆ ಬಣ್ಣವಾಗಿ ಬರುತ್ತದೆ. ಇದು ಬಣ್ಣದ ಕಥೆ. ಅಣುಗಳು ಒಂದರ ಮೇಲೊಂದು ಒತ್ತಾಗಿ ಕುಳಿತಾಗ ಅದೇ ಇಲೆಕ್ಟ್ರಾನು ಪಕ್ಕದ ಅಣುವಿಗೆ ಹಾರಬಲ್ಲುದಾದರೆ ಅದು ವಿದ್ಯುತ್ತಿನ ಕಥೆಯಾಗುತ್ತದೆ. ಎರಡೂ ಒಂದೇ ಕಾರಣದ ಎರಡು ಕಾರ್ಯಗಳು.

ಈ ಎರಡನೆಯ ಕಥೆಯು ಬಹಳ ಕಾಲ ಅಲ್ಲಲ್ಲಿ ತಲೆಯೆತ್ತಿ ಮರೆಯಾಗುತ್ತಿತ್ತು. 1862ರಲ್ಲಿ ಲಂಡನ್ನಿನ ಲೆದೆಬಿಯು ಅನಿಲೀನಿನ ಆಮ್ಲದ್ರಾವಣದಲ್ಲಿ ವಿದ್ಯುತ್ತನ್ನು ಹರಿಸಿದಾಗ ತಗಡಿನ ಮೇಲೆ ಕರಿನೀಲಿಯ ಪದಾರ್ಥವೊಂದು ಕಟ್ಟಿಕೊಂಡಿತು. ಇಂದು ಪಾಲಿಅನಿಲೀನ್ ಎಂದು ಹೆಸರಾಗಿರುವ, ವಿದ್ಯುತ್ತನ್ನು ಹರಿಯಗೊಡುವ ಪಾಲಿಮರ್ ಅದೇ ಆಗಿದ್ದಿತು. 1906ರಲ್ಲಿ ಪೊಕೆಟ್ಟಿನೊ ಎಂಬ ಇಟಲಿಯವನು ಆಂತ್ರಸೀನಿನ ಹರಳಿನ ಮೇಲೆ ಬೆಳಕು ಬಿದ್ದಾಗ ಅದು ವಾಹಕವಾಗುವುದನ್ನು ಕಂಡನು. 1928ರಲ್ಲಿ ಸ್ಕಾಟ್ಲಂಡಿನ ಗ್ರೇಂಜ್‌ಮೌತಿನ ಬಣ್ಣದ ಕಾರಖಾನೆಯೊಂದರಲ್ಲಿ ಬಿರುಕುಬಿಟ್ಟ ಪಾತ್ರೆಯ ಕಬ್ಬಿಣವು ಒಳಗಿನ ಪದಾರ್ಥಕ್ಕೆ ತಾಗಿ ಕಾಣಿಸಿಕೊಂಡ ಕಡುನೀಲಿಯ ಕಲ್ಮಶವೇ ಥಾಲೊಸಯನೀನ್ ಎಂಬ ಬಣ್ಣಕುಲದ ಪರಿಚಯವನ್ನು ಮಾಡಿಕೊಟ್ಟಿತು. ಸುಗ್ಗಿಯಲ್ಲಿ ಕಾಳಿನ ರಾಶಿಯ ಮೇಲೆ ನಾವು ಹೊದಿಸುವ ನೀಲಿ ತಾಡಪತ್ರಿಯನ್ನೂ, ಮಾಸಿಕಗಳ ಮುಖಪುಟದ ನೀಲಿ ಶಾಯಿಯನ್ನೂ ಸಾಮಾನ್ಯವಾಗಿ ಕೊಡುವುದು ಅದೇ ಕುಲದ ತಾಮ್ರಸಹಿತವಾದ ಬಣ್ಣ. ಅದು ಅರೆವಾಹಕವೆಂಬುದು 1948ರಲ್ಲಿ ಇಂಗ್ಲಂಡಿನಲ್ಲಿಯೂ ರಷ್ಯದಲ್ಲಿಯೂ ಬೇರೆಬೇರೆಯಾಗಿ ಗೊತ್ತಾಯಿತು. ಅದರ ಹಿಂದಿನ ವರ್ಷದ ಡಿಸೆಂಬರಿನಲ್ಲಷ್ಟೇ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಜರ್ಮೇನಿಯಮ್ಮಿನ ಚೂರಿನ ಮೇಲೆ ಮೊದಲ ಟ್ರಾನ್ಸಿಸ್ಟರು ಕೆಲಸ ಮಾಡಿದ್ದಿತು. 1954ರಲ್ಲಿ ಅಲ್ಲಿಯೇ ಸಿಲಿಕಾನಿನ ಸೌರಕೋಶವೂ ಹುಟ್ಟಿತು. ಜಪಾನಿನ ಅಕಮಟು ಮತ್ತು ಇನೊಕುಚಿಯವರು 1950ರಲ್ಲಿ ಅಳೆದು ನೋಡಿದುದು ವಯೊಲಾಂಥ್ರೋನ್ ಎಂಬ ಪದಾರ್ಥವನ್ನು. ಅದೂ ನೀಲಿಯಂತೆ ಬಾನಿಯಲ್ಲಿ ಅದ್ದುವ ಬಣ್ಣವೇ ಎಂಬುದು ನನಗೆ ಪರಮ ಸಂತೋಷವನ್ನು ಕೊಟ್ಟ ಸಂಗತಿ. 1977ರಲ್ಲಿ ಶಿರಾಕಾವಾ, ಮ್ಯಾಕ್‌ಡಯಾರ್ಮಿಡ್, ಹೀಗರ್ ಎಂಬ ಮೂವರು ಪಾಲಿಅಸಿಟಿಲೀನ್ ಎಂಬ ಬೆಳ್ಳಿಯ ಹೊಳಪಿನ ಪೊರೆಗೆ ಅಯೋಡಿನ್ ಹೊಗೆಯನ್ನು ಕೊಟ್ಟು ಅದರ ವಾಹಕತೆಯನ್ನು ಕೋಟಿಪಾಲು ಹೆಚ್ಚಿಸಿದರು. 2000ದ ನೊಬೆಲ್ ಪಾರಿತೋಷಕವು ಅವರದಾಯಿತು. ಮ್ಯಾಕ್‌ಡಯಾರ್ಮಿಡರು ಮುಂದೆ ಬಹುಕಾಲ ಪಾಲಿಅನಿಲೀನಿನ ಮೇಲೆಯೇ ದುಡಿದರು. ಹೀಗೆ ನಮ್ಮ ನೀಲಿಯ ಹೆಸರು, ಪೋರ್ತುಗೀಜರ ನಾಲಗೆಯನ್ನೂ ಭಟ್ಟಿಯ ನಳಿಗೆಯನ್ನೂ ಹಾದು, ವಿದ್ಯುತ್ ಹರಿಯುವ ಪ್ಲಾಸ್ಟಿಕ್ಕಿನ ಹೆಸರಿನೊಳಗೆ ಇನ್ನೂ ಕುಳಿತಿದೆ.

1986ರಲ್ಲಿ ಕೊಡಾಕ್ ಸಂಸ್ಥೆಯ ಟಾಂಗ್ ಎಂಬ ವಿಜ್ಞಾನಿಯು ತಾಮ್ರದ ಥಾಲೊಸಯನೀನಿನ ಒಂದು ಪದರದ ಮೇಲೆ ಪೆರಿಲೀನ್ ಬಣ್ಣದ ಇನ್ನೊಂದು ಪದರವನ್ನಿಟ್ಟು ಮಾಡಿದ ಸೌರಕೋಶವು ಬಿದ್ದ ಬಿಸಿಲಿನ ನೂರರಲ್ಲಿ ಒಂದು ಪಾಲನ್ನು ವಿದ್ಯುತ್ತಾಗಿ ಕೊಟ್ಟಿತು. ಅದೇ ಕಾಲಕ್ಕೆ ಜಪಾನಿನಲ್ಲಿ ಪಾಲಿಥಯೋಫೀನ್ ಎಂಬ ಪಾಲಿಮರಿನಿಂದ ಟ್ರಾನ್ಸಿಸ್ಟರು ಸಿದ್ಧವಾಯಿತು. ಇವುಗಳಲ್ಲಿ ಬಳಸುವ ಪದರದ ತೆಳುವನ್ನು ನಮ್ಮ ಅಳತೆಯಲ್ಲಿಯೇ ಹೇಳುವುದು ಮೇಲು: ಒಂದು ಮಿಲಿಮೀಟರಿನ ಹತ್ತುಸಾವಿರದಲ್ಲೊಂದು ಪಾಲಿನಷ್ಟು ದಪ್ಪದ ಪೊರೆಯನ್ನು ಒಂದು ಚದರ ಮೀಟರಿನ ಮೇಲೆ ಬಳಿಯಲು ಬೇಕಾಗುವ ಬಣ್ಣವು ಒಂದೇ ಒಂದು ಗುಲಗಂಜಿಯ ತೂಕ. ತೊಡಕು ಬೇರೆಡೆಯಲ್ಲಿತ್ತು. ಸಿಲಿಕಾನಿನಲ್ಲಿ ಬೆಳಕು ಬಿದ್ದೊಡನೆ ಇಲೆಕ್ಟ್ರಾನು ಸ್ವತಂತ್ರವಾಗುತ್ತದೆ. ಸಾವಯವ ಪದಾರ್ಥದಲ್ಲಿಯಾದರೋ ಅದು ತಾನು ಬಿಟ್ಟುಬಂದ ತೆರಪಿನ ಸೆಳೆತಕ್ಕೆ ಒಳಗಾಗಿ, ಜೊತೆಗೂಡಿಯೇ ಕೆಲವು ಹೆಜ್ಜೆ ಅಲೆದು, ಅಷ್ಟರೊಳಗೆ ಎರಡನೆಯ ಪದಾರ್ಥದ ಗಡಿಯು ಸಿಕ್ಕದಿದ್ದರೆ ಮತ್ತೆ ಅದರಲ್ಲಿಯೇ ಬಿದ್ದು ನಂದಿಹೋಗುತ್ತದೆ. ಇಲೆಕ್ಟ್ರಾನನ್ನು ಕೊಡುವ ಪದಾರ್ಥವನ್ನೂ ಅದನ್ನು ಕೊಳ್ಳುವ ಪದಾರ್ಥವನ್ನೂ ಎರಡು ಪದರವಾಗಿಡದೆ ಒಂದರೊಳಗೊಂದು ಹೆಣೆದಂತೆ ಬೆರೆಸಿ, ಗಡಿಯು ಎಲ್ಲೆಲ್ಲಿಯೂ ಹತ್ತಿರವಿರುವಂತೆ ಮಾಡಿದುದು 1995ರ ಹೊತ್ತಿನ ದೊಡ್ಡ ಹೆಜ್ಜೆ. ಅಲ್ಲಿಂದ ಈಚೆಗೆ ಪ್ರಯೋಗಶಾಲೆಯ ಸಣ್ಣ ಕೋಶಗಳು ನೂರಕ್ಕೆ ಹತ್ತೊಂಬತ್ತನ್ನು ದಾಟಿವೆ.

ಇನ್ನು ನೀಲಿಯ ಕಡೆಗೆ ಮರಳೋಣ. ಆಸ್ಟ್ರಿಯದ ಲಿಂಜ್ ವಿಶ್ವವಿದ್ಯಾಲಯದಲ್ಲಿ ಸಾರಿಚಿಫ್ಚಿ, ಇರಿಮಿಯಾ-ವ್ಲಾಡು, ಗ್ಲೊವಾಟ್ಸ್ಕಿ ಮೊದಲಾದವರು 2012ರಲ್ಲಿ ನೀಲಿಯಿಂದಲೇ ಟ್ರಾನ್ಸಿಸ್ಟರನ್ನು ಮಾಡಿ ತೋರಿಸಿದರು. ಇಲೆಕ್ಟ್ರಾನನ್ನೂ ಅದರ ತೆರಪನ್ನೂ ಎರಡನ್ನೂ ಸಾಗಿಸಬಲ್ಲ, ಗಾಳಿಯಲ್ಲಿಯೂ ಕೆಡದೆ ನಿಲ್ಲುವ ಗುಣವು ನೀಲಿಯಲ್ಲಿ ಕಂಡುಬಂದಿತು. ಅದರ ಅಣುಗಳು ಜಲಜನಕದ ಬಂಧಗಳಿಂದ ನೆರೆಯ ಅಣುಗಳನ್ನು ಗಟ್ಟಿಯಾಗಿ ಹಿಡಿದುಕೊಂಡು ಸಾಲಾಗಿ ಕೂರುವುದೇ ಇದಕ್ಕೆ ಕಾರಣ. ಯಾವ ಬಿಗಿತದಿಂದ ನೀಲಿಯು ನೀರಿನಲ್ಲಿ ಕರಗದೆ ಆಯಿಯ ಸೀರೆಯಲ್ಲಿ ಉಳಿದಿದೆಯೋ ಅದೇ ಬಿಗಿತವು ಟ್ರಾನ್ಸಿಸ್ಟರಿನಲ್ಲಿ ಇಲೆಕ್ಟ್ರಾನಿಗೆ ದಾರಿಯಾಗಿದೆ. ಅದೇ ಬಳಗದವರು ಅರಗನ್ನೂ ಕೈಗೆತ್ತಿಕೊಂಡು, 2013ರಲ್ಲಿ ಅದನ್ನೇ ಟ್ರಾನ್ಸಿಸ್ಟರಿಗೆ ಹಾಸನ್ನಾಗಿಯೂ ಅವಾಹಕ ಪದರವನ್ನಾಗಿಯೂ ಮಾಡಿದರು. ಅರಗು ಎಂದರೆ ಚನ್ನಪಟ್ಟಣದ ಬೊಂಬೆಗಳಿಗೆ ಹೊಳಪನ್ನು ಕೊಡುವ ಅದೇ ಅರಗು. ನೀಲಿ, ಅರಗು ಎರಡೂ ನಮ್ಮ ಸಂತೆಯ ಸರಕುಗಳಾಗಿದ್ದುವೆಂಬುದನ್ನು ನೆನೆದಾಗ ಮನಸ್ಸಿಗೆ ಹೆಮ್ಮೆಯೂ ನೋವೂ ಒಟ್ಟಿಗೆ ಬರುತ್ತವೆ.

ಅದ್ದುವ ಉಪಾಯವನ್ನು ನೆನಪಿನಲ್ಲಿಡಲು ಕೋರಿದ್ದೆನಷ್ಟೆ. ಒಳ್ಳೆಯ ಸಾವಯವ ಅರೆವಾಹಕಗಳಲ್ಲಿ ಹಲವು ನೀಲಿಯಂತೆಯೇ ಯಾವ ದ್ರವದಲ್ಲಿಯೂ ಸುಲಭವಾಗಿ ಕರಗವು. ಕರಗದುದನ್ನು ಶಾಯಿಯಂತೆ ಬಳಿಯುವುದು ಹೇಗೆ ಎಂಬುದು ಈ ಶಾಸ್ತ್ರದ ನಿತ್ಯದ ಪ್ರಶ್ನೆ. ಅಣುವಿಗೆ ತಾತ್ಕಾಲಿಕವಾಗಿ ಒಂದು ಬಾಲವನ್ನು ಅಂಟಿಸಿ ಕರಗುವಂತೆ ಮಾಡಿ, ಬಳಿದಮೇಲೆ ಕಾಯಿಸಿ ಬಾಲವನ್ನು ಕಳಚಿ, ಮತ್ತೆ ಕರಗದ ಬಣ್ಣವನ್ನಾಗಿ ಮಾಡುವ ಯುಕ್ತಿಯನ್ನು ಸ್ವಿಟ್ಜರ್ಲಂಡಿನ ಬಣ್ಣದ ಕಾರಖಾನೆಯವರು 1997ರಲ್ಲಿ ಪ್ರಕಟಿಸಿದರು. ಅರೆವಾಹಕಗಳ ಕೆಲಸದಲ್ಲಿ ಅದು ಬಹಳ ಉಪಯೋಗಕ್ಕೆ ಬಂದಿತು. ತಗಚಿಯ ಬೀಜವನ್ನು ಬೇಯಿಸಿ ಬಾನಿಗೆ ಹಾಕಿದ ನೀಲಗಾರನು ಮಾಡಿದುದು ತತ್ತ್ವದಲ್ಲಿ ಇದನ್ನೇ.

ಕರ್ನಾಟಕದಲ್ಲಿ ಈ ವಿದ್ಯೆಯು ಬೇರೂರಿದುದು ಬೆಂಗಳೂರಿನಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್.ಆರ್. ರಾಯರು 1976ರಲ್ಲಿ ಕಟ್ಟಿದ ಘನಸ್ಥಿತಿ ಮತ್ತು ರಚನಾ ರಸಾಯನ ವಿಭಾಗದಲ್ಲಿ ಎಸ್. ರಾಮಶೇಷರು ಸರದಿಬಂಧಗಳ ಅಣುಗಳಲ್ಲಿ ಇಲೆಕ್ಟ್ರಾನುಗಳ ನಡವಳಿಕೆಯನ್ನು ಗಣಿತದಿಂದ ಬಿಡಿಸುವ ಕಾರ್ಯದಲ್ಲಿ ದಶಕಗಳ ಕಾಲ ತೊಡಗಿದ್ದರು. ಅದೇ ವಿಭಾಗದಲ್ಲಿ ಸತೀಶ ಪಾಟೀಲರ ಬಳಗವು ಡೈಕಿಟೋಪಿರೊಲೋಪಿರೋಲ್ ಎಂಬ ಕೆಂಪು ಬಣ್ಣದ ಘಟಕವನ್ನು ಪೋಣಿಸಿದ ಪಾಲಿಮರುಗಳನ್ನು ಟ್ರಾನ್ಸಿಸ್ಟರಿಗೂ ಸೌರಕೋಶಕ್ಕೂ ಒಗ್ಗುವಂತೆ ರೂಪಿಸಿತು. ಆ ಕೆಂಪು ಕೂಡ 1974ರಲ್ಲಿ ಅಮೆರಿಕದಲ್ಲಿ ಬೇರೇನನ್ನೋ ಮಾಡಹೋಗಿ ದೊರೆತುದು, ಮೋಟಾರುಗಾಡಿಗಳ ಕೆಂಪು ಬಣ್ಣವಾಗಿ ಮೊದಲು ಹೆಸರು ಮಾಡಿದುದು. 1989ರಲ್ಲಿ ಸ್ಥಾಪಿತವಾದ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ, ಜಕ್ಕೂರಿನಲ್ಲಿ, ಕೆ.ಎಸ್. ನಾರಾಯಣ ಅವರು ಬೆಳಕಿಗೆ ಸ್ಪಂದಿಸುವ ಪಾಲಿಮರ್ ಟ್ರಾನ್ಸಿಸ್ಟರನ್ನು 2001ರಲ್ಲಿ ವಿದ್ವಜ್ಜನರ ಮುಂದಿಟ್ಟರು. ಮುಂದೆ 2014ರಲ್ಲಿ, ಬೆಳಕನ್ನು ಇನ್ನೂ ಅರಿಯಲಾರದ ಕೋಳಿಯ ಭ್ರೂಣದ ಅಕ್ಷಿಪಟವನ್ನು ಇಂಥದೇ ಪಾಲಿಮರಿನ ಪೊರೆಯ ಮೇಲಿಟ್ಟು, ಆ ಪೊರೆಯ ಮೂಲಕ ಅದಕ್ಕೆ ಬೆಳಕಿನ ಸೂಚನೆಯನ್ನು ಮುಟ್ಟಿಸಿದ ಪ್ರಯೋಗದಲ್ಲಿಯೂ ಅವರ ಬಳಗವಿದ್ದಿತು. ಬಣ್ಣವು ಕಣ್ಣಿಗೆ ಕಾಣುವುದು ಲೋಕರೂಢಿ. ಬಣ್ಣವೇ ಕಣ್ಣಿನ ಕೆಲಸಕ್ಕೆ ನಿಂತ ಈ ಸಂಗತಿಯನ್ನು ಓದಿದ ದಿನ ನನಗೆ ಬಹಳ ಹೊತ್ತು ಬೇರೆ ಕೆಲಸ ಮಾಡಲಾಗಲಿಲ್ಲ.

ಇರುವ ಕೊರತೆಯನ್ನೂ ಹೇಳಲೇಬೇಕು. ಸಾವಯವ ಟ್ರಾನ್ಸಿಸ್ಟರಿನ ವೇಗವು ಸಿಲಿಕಾನಿನ ಹರಳಿಗೆ ಸಮನಲ್ಲ. ಸಾವಯವ ಸೌರಕೋಶವು ಆಮ್ಲಜನಕಕ್ಕೂ ಹಸಿಗೂ ಬಿಸಿಲಿಗೂ ಬೇಗ ಬಾಡುತ್ತದೆ. ಕಲಘಟಗಿಯ ಕಡೆಯ ಮುಂಗಾರನ್ನೂ ನವಲಗುಂದದ ಬೇಸಿಗೆಯನ್ನೂ ಇಪ್ಪತ್ತೈದು ವರ್ಷ ತಡೆದು ನಿಲ್ಲುವ ಬಲವು ಸಿಲಿಕಾನಿನ ಪ್ಲೇಟಿಗಿದೆ, ಇದಕ್ಕೆ ಇನ್ನೂ ಬಂದಿಲ್ಲ. ಆದರೂ ಸಾವಯವ ಅರೆವಾಹಕವು ನಮ್ಮೂರಿಗೆ ಬಂದೇ ಇಲ್ಲವೆಂದು ತಿಳಿಯಬಾರದು. ಬಸ್ಸಿಗೆ ಕಾಯುತ್ತ ನಿಂತ ಹುಡುಗರ ಕೈಯ ಮೊಬೈಲುಗಳಲ್ಲಿ ಓಎಲ್‌ಇಡಿ ಪರದೆಯವು ಎಷ್ಟೋ ಇವೆ; 1987ರಲ್ಲಿ ಅದೇ ಟಾಂಗ್ ಮತ್ತು ಅವನ ಜೊತೆಗಾರ ವಾನ್ ಸ್ಲೈಕ್ ತೋರಿಸಿಕೊಟ್ಟ ದಾರಿಯಲ್ಲಿ, ಆ ಪರದೆಯ ಕೆಂಪು, ಹಸುರು, ನೀಲಿಗಳನ್ನು ಬೆಳಗುವುದು ಈ ಇಂಗಾಲದ ಅಣುಗಳೇ.

ಒಂದು ಬಿನ್ನಹದೊಡನೆ ಈ ಲೇಖನವನ್ನು ಮುಗಿಸುತ್ತೇನೆ. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಯ ಕಡೆಯ ಬಣ್ಣಗಾರರ, ನೀಲಗಾರರ ಮನೆಗಳಲ್ಲಿ ಬಾನಿಯ ಕೆಲಸವನ್ನು ಕಣ್ಣಾರೆ ಕಂಡವರು, ಕಂಡವರಿಂದ ಕೇಳಿದವರು ಈಗ ಬೆರಳೆಣಿಕೆಯಷ್ಟು ಮಂದಿ. ಸುಣ್ಣ ಎಷ್ಟು, ಸವಳು ಎಲ್ಲಿಯದು, ತಗಚಿಯನ್ನು ಎಷ್ಟು ಹೊತ್ತು ಬೇಯಿಸಬೇಕು, ಬಾನಿ ಕೆಟ್ಟರೆ ಏನೆನ್ನುತ್ತಿದ್ದರು, ಯಾವ ನೀಲಿಗೆ ಯಾವ ಹೆಸರಿತ್ತು ಎಂಬುದನ್ನು ಅವರ ಬಾಯಿಂದಲೇ, ಅವರ ಮಾತಿನಲ್ಲಿಯೇ ಕೇಳಿ ಬರೆದಿಡಿರಿ; ಒಗೆಯುವ ನೀರಿಗೋ ದನದ ಮುಸುರೆಗೋ ಬಳಕೆಯಾಗುತ್ತಿರುವ ಹಳೆಯ ಬಾನಿಯೊಂದು ನಿಮ್ಮ ಹಿತ್ತಲಲ್ಲಿದ್ದರೆ ಅದನ್ನು ಒಡೆಯಗೊಡಬೇಡಿರಿ.